ಆಸ್ಪತ್ರೆಯಿಂದ ಬರುವ ಎಸ್‌ಎಂಎಸ್: ಉತ್ತರ ಕನ್ನಡದ ರೋಗಿಗಳು, ಮನೆಯವರು, ಸಿಬ್ಬಂದಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಿಪಿ, ಸಕ್ಕರೆ ಕಾಯಿಲೆ, ಕ್ಷಯ, ಬಸಿರು, ನಾಯಿ ಕಡಿತ – ಯಾವುದರ ಚಿಕಿತ್ಸೆಯೂ ಮೊದಲ ಭೇಟಿಗೆ ಮುಗಿಯುವುದಿಲ್ಲ. ಮತ್ತೆ ಬರಬೇಕಾದವರು ಬಾರದಿದ್ದರೆ ಏನು ಮಾಡುವುದು ಎಂಬ ಚಿಂತೆ ಕಾರವಾರದ ದೊಡ್ಡ ಆಸ್ಪತ್ರೆಗೂ ಇದೆ, ಜೋಯಿಡಾದ ಉಪಕೇಂದ್ರಕ್ಕೂ ಇದೆ. ಮೊಬೈಲ್ ಸಂದೇಶ ಅದಕ್ಕೊಂದು ಅಗ್ಗದ ಉಪಾಯ. ಅದು ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬರೆದಿದೆ. ರೋಗಿಗಳ ಪ್ರಶ್ನೆ, ಸಿಬ್ಬಂದಿಯ ಪ್ರಶ್ನೆ ಎಂದು ಬೇರ್ಪಡಿಸಿಲ್ಲ. ಕೌಂಟರಿನ ಆಚೆ ಏನು ನಡೆಯುತ್ತದೆ ಎಂಬುದು ಈಚೆಯವರಿಗೂ ಗೊತ್ತಿರುವುದು ಒಳ್ಳೆಯದು.

ಸಂದೇಶ ಕಳುಹಿಸಿದರೆ ರೋಗಿ ನಿಜವಾಗಿಯೂ ಮರಳಿ ಬರುತ್ತಾರೆಯೇ?

ಮರೆತವರು ಬರುತ್ತಾರೆ. ತಪಾಸಣೆಯ ದಿನವನ್ನು ಮುಂಚಿತವಾಗಿ ನೆನಪಿಸಿದರೆ ಬರುವವರ ಪ್ರಮಾಣ ಹೆಚ್ಚುತ್ತದೆ, ಫೋನ್ ಮಾಡಿ ಹೇಳಿದಷ್ಟೇ ಫಲ ಸಿಗುತ್ತದೆ, ಖರ್ಚು ಮಾತ್ರ ಕಡಿಮೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡುಬಂದಿದೆ. ಆದರೆ ಬಾರದವರೆಲ್ಲ ಮರೆತವರಲ್ಲ. ಬಸ್ಸಿಗೆ ಕಾಸಿಲ್ಲ, ಗುಳಿಗೆ ನುಂಗಿದರೆ ತಲೆ ತಿರುಗುತ್ತದೆ, ಹೋದ ಸಲ ಕೌಂಟರಿನಲ್ಲಿ ಯಾರೋ ಗದರಿದರು, ಕೊನೆಗೌಡ ಅಡಿಕೆ ಕೊಯ್ಯಲು ಬರುವುದು ಆ ದಿನವೇ – ಇಂಥ ಕಾರಣಗಳಿಗೆ ನೆನಪೋಲೆಯಿಂದ ಪ್ರಯೋಜನವಿಲ್ಲ.

ಎರಡು ಪ್ರಯೋಗಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಕೀನ್ಯಾದಲ್ಲಿ ಎಚ್‌ಐವಿ ಚಿಕಿತ್ಸೆ ಆರಂಭಿಸಿದ 538 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರಕ್ಕೊಮ್ಮೆ 'ಹೇಗಿದ್ದೀರಿ?' ಎಂದಷ್ಟೇ ಕೇಳುವ ಎಸ್‌ಎಂಎಸ್ ಕಳುಹಿಸಿದರು. 48 ಗಂಟೆಯೊಳಗೆ ಚೆನ್ನಾಗಿದ್ದೇನೆ ಎಂದೋ ತೊಂದರೆ ಇದೆ ಎಂದೋ ಉತ್ತರಿಸಬೇಕು. ತೊಂದರೆ ಎಂದವರಿಗೂ ಉತ್ತರವನ್ನೇ ಕೊಡದವರಿಗೂ ಆರೋಗ್ಯ ಸಿಬ್ಬಂದಿ ಫೋನ್ ಮಾಡುತ್ತಿದ್ದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಂದೇಶ ಪಡೆದವರಲ್ಲಿ ಶೇ 62 ಜನ ಗುಳಿಗೆಯನ್ನು ಸರಿಯಾಗಿ ತೆಗೆದುಕೊಂಡಿದ್ದರು; ಉಳಿದವರಲ್ಲಿ ಶೇ 50. ಇತ್ತ ದಕ್ಷಿಣ ಭಾರತದಲ್ಲಿ 631 ಎಚ್‌ಐವಿ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಒಂದು ಗುಂಪಿಗೆ ವಾರಕ್ಕೊಂದು ಸ್ವಯಂಚಾಲಿತ ಧ್ವನಿಕರೆ, ಅದರ ಜೊತೆಗೊಂದು ಚಿತ್ರಸಂದೇಶ. 2014ರಲ್ಲಿ ವರದಿ ಹೊರಬಂದಾಗ ಎರಡೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದೇಶ ಬೇರೆ, ರೋಗಿಗಳು ಬೇರೆ, ವ್ಯವಸ್ಥೆ ಬೇರೆ. ಇವೆರಡನ್ನು ನೇರವಾಗಿ ತೂಗಿ ನೋಡುವುದು ಸರಿಯಲ್ಲ ಎಂಬುದು ನಿಜ. ಆದರೂ ನನಗೆ ಕೀನ್ಯಾದ ಸಂದೇಶಕ್ಕಿಂತ ಅದರ ಹಿಂದೆ ಫೋನ್ ಹಿಡಿದು ಕುಳಿತಿದ್ದ ಸಿಬ್ಬಂದಿ ಮುಖ್ಯವೆನಿಸುತ್ತದೆ. ಈ ಪುಟದ ಹೆಚ್ಚಿನ ಉತ್ತರಗಳು ಆ ನಂಬಿಕೆಯಿಂದಲೇ ಹುಟ್ಟಿದವು.

ಉತ್ತರ ಕೊಡದವರು, ದಿನ ತಪ್ಪಿಸಿದವರು – ಇವರನ್ನು ಏನು ಮಾಡುವುದು?

ಇವರ ಪಟ್ಟಿ ತಯಾರಾಗಬೇಕು ಎಂಬ ಕಾರಣಕ್ಕೇ ಸಂದೇಶ ಕಳುಹಿಸುವುದು. ನೂರು ಜನರಿಗೆ ಎಸ್‌ಎಂಎಸ್ ಹೋಗಿ, ಅವರಲ್ಲಿ ಹೆಚ್ಚಿನವರು ಬಂದು ಗುಳಿಗೆ ಒಯ್ದರೆ, ಆಶಾ ಕಾರ್ಯಕರ್ತೆ ನೂರು ಮನೆ ಸುತ್ತಬೇಕಾಗಿಲ್ಲ. ಬಾರದ ಕೆಲವರ ಮನೆಗೆ ಮಾತ್ರ ಹೋದರೆ ಸಾಕು. ಸಂದೇಶ ಹೋಯಿತು, ಕೆಲಸ ಮುಗಿಯಿತು ಎಂದು ಕುಳಿತರೆ ಕಳುಹಿಸಿದ ಲೆಕ್ಕ ಮಾತ್ರ ಮೇಲಿನವರಿಗೆ ತೋರಿಸಲು ಸಿಗುತ್ತದೆ.

ಇದಕ್ಕೆ ದೊಡ್ಡ ತಂತ್ರಾಂಶ ಬೇಕಾಗಿಲ್ಲ. ಉದ್ದ ರಿಜಿಸ್ಟರಿನ ಒಂದು ಪುಟ ಸಾಕು. ಹೆಸರು ಮತ್ತು ನಂಬರಿನ ಪಕ್ಕದಲ್ಲಿ 'ಯಾರ ಫೋನು' ಎಂಬ ಒಂದು ಅಂಕಣ ಹಾಕಿ: 'ಸ್ವಂತ', 'ಗಂಡ – ಬೋಟಿನಲ್ಲಿ', 'ಮಗ – ಬೆಂಗಳೂರು', 'ಪಕ್ಕದ ಮನೆ'. ಮುಂದಿನ ಅಂಕಣದಲ್ಲಿ ಭಾಷೆ: ಕನ್ನಡ, ಕೊಂಕಣಿ, ಉರ್ದು, ಅಥವಾ 'ಓದು ಬರದು, ಫೋನ್ ಮಾಡಿ'. ಆಮೇಲೆ ಬರಬೇಕಾದ ದಿನ, ಬಂದ ದಿನ. ಕೊನೆಯದು 'ಏಕೆ ಬರಲಿಲ್ಲ'. ಆ ಕೊನೆಯ ಅಂಕಣವನ್ನು ಪೆನ್ನಿನಿಂದ ತುಂಬಬೇಕು, ಸರಿ ಗುರುತು ಹಾಕಿ ಬಿಡುವುದಲ್ಲ. ಮೂರು ತಿಂಗಳ ಪುಟಗಳನ್ನು ತಿರುವಿದರೆ ಯಾವ ಊರಿನ ಬಸ್ ನಿಂತುಹೋಗಿದೆ, ಯಾವ ಗುಳಿಗೆ ಪದೇ ಪದೇ ಖಾಲಿಯಾಗಿದೆ ಎಂಬುದೆಲ್ಲ ಅಲ್ಲೇ ಸಿಗುತ್ತದೆ. ಗುಳಿಗೆಯೇ ಇಲ್ಲದ ದಿನ 'ಬಂದು ಗುಳಿಗೆ ಒಯ್ಯಿರಿ' ಎಂದು ಕರೆಸಿ ಬರಿಗೈಯಲ್ಲಿ ಕಳುಹಿಸಿದರೆ, ಮುಂದಿನ ಸಂದೇಶವನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಕಳುಹಿಸುವ ಮುನ್ನ ಔಷಧದ ಕೋಣೆಗೆ ಒಮ್ಮೆ ಹೋಗಿ ಬನ್ನಿ.

ಯಾವ ಕಾಯಿಲೆಗಳಲ್ಲಿ ಇದು ಹೆಚ್ಚು ಉಪಯುಕ್ತ?

ನನ್ನನ್ನು ಕೇಳಿದರೆ ಮೊದಲು ನಾಯಿ ಕಡಿತ. ತೋಳಿನ ಚರ್ಮದೊಳಗೆ ಕೊಡುವ ರೇಬೀಸ್ ಲಸಿಕೆಗೆ ದಿನಗಳು ನಿಗದಿಯಾಗಿವೆ: ಮೊದಲ ದಿನವನ್ನು ಸೊನ್ನೆ ಎಂದು ಎಣಿಸಿ 0, 3, 7 ಮತ್ತು 28. ಮೊದಲ ಮೂರಕ್ಕೆ ಜನ ಹೆದರಿ ಬರುತ್ತಾರೆ. 28ನೇ ದಿನದ ಹೊತ್ತಿಗೆ ಗಾಯ ಮಾಯ್ದಿರುತ್ತದೆ, ಕಚ್ಚಿದ ನಾಯಿ ಅಂಗಡಿಯ ಮುಂದೆ ಆರಾಮವಾಗಿ ಮಲಗಿರುತ್ತದೆ, ಇನ್ನೇಕೆ ಚುಚ್ಚಿಸಿಕೊಳ್ಳುವುದು ಎನಿಸುತ್ತದೆ. ಅಲ್ಲೇ ಒಂದು ಸಂದೇಶ ಬೇಕು. ತಿಂಗಳ 1ರಂದು ಮೊದಲ ಚುಚ್ಚುಮದ್ದು ಆದರೆ ಮುಂದಿನವು 4, 8 ಮತ್ತು 29. ಎಲ್ಲ ತಾರೀಕುಗಳನ್ನೂ ಮೊದಲ ದಿನವೇ ಒಂದು ಸಂದೇಶದಲ್ಲಿ ಕಳುಹಿಸಿ, ಕೊನೆಯದಕ್ಕೆ ಮಾತ್ರ ಮತ್ತೊಮ್ಮೆ ನೆನಪಿಸಿ.

ಎರಡನೆಯದು ಕ್ಷಯ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಕೆಮ್ಮು ನಿಂತು, ಊಟ ರುಚಿಸಿ, ಮೈಯಲ್ಲಿ ಕಸುವು ಬಂದಿರುತ್ತದೆ. ಗುಳಿಗೆ ಬಿಡುವುದೂ ಆಗಲೇ. ಗುಳಿಗೆ ಮುಗಿದ ಮೇಲೂ ಎರಡು ವರ್ಷದವರೆಗೆ ಆರು ತಿಂಗಳಿಗೊಮ್ಮೆ ನೋಡಿಕೊಳ್ಳಬೇಕೆಂಬ ನಿಯಮವಿದೆ. ಅದು ರೋಗಿಗೆ ನೆನಪಿರುವುದಿಲ್ಲ, ಆಸ್ಪತ್ರೆಗೂ ಮರೆಯುವುದು ಸುಲಭ. ಈ ಕೆಲಸವನ್ನು ಯಂತ್ರಕ್ಕೆ ಬಿಡುವುದೇ ಮೇಲು. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಡಿ 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಹಣ ಬಂತೇ ಎಂದು ವಿಚಾರಿಸುವ ಒಂದು ಸಾಲನ್ನೂ ಸೇರಿಸಿದರೆ ಜನ ಉತ್ತರ ಕೊಡುತ್ತಾರೆ. ಗುಳಿಗೆ ತಿಂದಿರಾ ಎಂದಷ್ಟೇ ಕೇಳಿದರೆ ಅದು ಮಾಸ್ತರರ ಹಾಜರಿಯಾಗುತ್ತದೆ.

ಮಲೆನಾಡಿನ ಕಡೆಯವರಿಗೆ ಮೂರನೆಯದೊಂದಿದೆ: ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದ ಇದು ಸಿದ್ದಾಪುರ, ಹೊನ್ನಾವರದ ಕಾಡಂಚಿನ ಊರುಗಳಿಗೆ ಹೊಸದಲ್ಲ. ಮಳೆ ಮುಗಿದು ತರಗೆಲೆ ಗುಡಿಸುವ ಕಾಲದಿಂದ ಬೇಸಿಗೆಯ ಕೊನೆಯವರೆಗೆ ಇದನ್ನು ಹರಡುವ ಉಣ್ಣೆಗಳ (ಉಣುಗು) ಹಾವಳಿ. ಈ ಜ್ವರಕ್ಕೊಂದು ಕೆಟ್ಟ ಗುಣವಿದೆ. ಬಿಟ್ಟಿತು ಎಂದು ಮನೆಗೆ ಹೋದ ಕೆಲವರಿಗೆ ಒಂದೆರಡು ವಾರ ಕಳೆದು ಮತ್ತೆ ಮರುಕಳಿಸುತ್ತದೆ, ಆಗ ವಿಪರೀತ ತಲೆನೋವು, ನಡುಕ, ಕಣ್ಣು ಮಂಜು, ಕುತ್ತಿಗೆ ಬಿಗಿತ ಕಾಣಿಸಬಹುದು. ಬಿಡುಗಡೆಯಾದ ಮೇಲೆ ಏಳನೇ ದಿನ ಒಮ್ಮೆ, ಹದಿನಾಲ್ಕನೇ ದಿನ ಒಮ್ಮೆ 'ಜ್ವರ, ತಲೆನೋವು ಮತ್ತೆ ಬಂದರೆ ಕೂಡಲೇ ಬನ್ನಿ' ಎಂಬ ಸಂದೇಶ ಹೋದರೆ ಮನೆಯವರು ಎಚ್ಚರದಿಂದಿರುತ್ತಾರೆ.

ಬಿಪಿ, ಸಕ್ಕರೆ ಕಾಯಿಲೆಯ ತಿಂಗಳ ಗುಳಿಗೆ, ಗುರುವಾರದ ಲಸಿಕೆ, ಪ್ರತಿ ತಿಂಗಳ 9ನೇ ತಾರೀಕಿನ ಗರ್ಭಿಣಿಯರ ತಪಾಸಣೆ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ನಂತರದ ಭೇಟಿಗಳು – ಇವುಗಳಿಗೂ ಸಂದೇಶ ಹೊಂದುತ್ತದೆ. ಮಾನಸಿಕ ಕಾಯಿಲೆಯವರಿಗೆ ಮಾತ್ರ ಫೋನಿನಲ್ಲಿ ಮಾತನಾಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನ ಆಪ್ತಸಮಾಲೋಚಕರು ಕನ್ನಡದಲ್ಲೇ ಮಾತನಾಡುತ್ತಾರೆ.

ಕನ್ನಡದಲ್ಲಿ ಬರೆದರೆ ಸಂದೇಶ ತುಂಡಾಗುತ್ತದೆ, ಖರ್ಚೂ ಹೆಚ್ಚು ಬರುತ್ತದೆ. ಏಕೆ?

ಇಂಗ್ಲಿಷ್ ಅಕ್ಷರಗಳಾದರೆ ಒಂದು ಎಸ್‌ಎಂಎಸ್‌ನಲ್ಲಿ 160 ಹಿಡಿಸುತ್ತವೆ, ಕನ್ನಡ ಲಿಪಿಯಲ್ಲಿ 70 ಮಾತ್ರ. ಅದನ್ನು ಮೀರಿದರೆ ಸಂದೇಶ ಎರಡಾಗಿ ಹೋಗುತ್ತದೆ, ಆಗ ತುಂಡೊಂದಕ್ಕೆ 67 ಮಾತ್ರ, ದುಡ್ಡೂ ಎರಡರದ್ದು. ಇನ್ನೊಂದು ಸಂಗತಿ: ಯಂತ್ರ ಎಣಿಸುವುದು ನಾವು ಎಣಿಸಿದಂತಲ್ಲ. 'ಆಸ್ಪತ್ರೆ' ನಮ್ಮ ಕಣ್ಣಿಗೆ ಮೂರಕ್ಷರ. ಯಂತ್ರಕ್ಕೆ ಒತ್ತು, ಎತ್ವ, ವಿರಾಮ ಎಲ್ಲ ಬೇರೆ ಬೇರೆ, ಅದರ ಲೆಕ್ಕದಲ್ಲಿ ಎಂಟು.

ಇಲ್ಲಿ ಸರ್ಕಾರಿ ಭಾಷೆಯೇ ಮೊದಲ ಶತ್ರು. 'ಮಾನ್ಯ ಫಲಾನುಭವಿಗಳೇ,' ಎಂದು ಆರಂಭಿಸಿದರೆ ಆ ಗೌರವಕ್ಕೇ 18 ಹೋಯಿತು, ಮುಂದೆ 'ನಿಗದಿಪಡಿಸಲಾಗಿರುತ್ತದೆ' ಬಂದರೆ ತಾರೀಕಿಗೆ ಜಾಗವೇ ಉಳಿಯುವುದಿಲ್ಲ. ಇದನ್ನು ನೋಡಿ:

12ನೇ ತಾರೀಕು ಬುಧವಾರ ಗುಳಿಗೆ ಕೊಡುವ ದಿನ. ಚೀಟಿ ತನ್ನಿ. -ಪ್ರಾ.ಆ.ಕೇಂದ್ರ

ಯಂತ್ರದ ಎಣಿಕೆಯಲ್ಲಿ ಇದು 63. ದಿನ ಇದೆ, ವಾರ ಇದೆ, ಏಕೆ ಬರಬೇಕು, ಏನು ತರಬೇಕು, ಯಾರು ಕರೆಯುತ್ತಿದ್ದಾರೆ ಎಲ್ಲ ಇದೆ, ಕಾಯಿಲೆಯ ಹೆಸರಿಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಜಾಗ ಸಿಗುತ್ತದೆ ನಿಜ, ಓದುವವರು ಕಾಲೇಜು ಹುಡುಗರಾದರೆ ಸರಿ. ಅರವತ್ತು ದಾಟಿದ ಅಜ್ಜಿಗೆ ಅದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ. ಕನ್ನಡ ಮೂಡದೆ ಚೌಕಗಳಷ್ಟೇ ಕಾಣುವ ಹಳೆಯ ಬಟನ್ ಫೋನ್ ಇದ್ದವರನ್ನು ಮಾತ್ರ ಗುರುತಿಸಿಟ್ಟುಕೊಂಡು ಕರೆ ಮಾಡಿ.

ನಮ್ಮೂರಿನಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಮೇಲೆ ಮಾತ್ರ. ಸಂದೇಶ ತಲುಪುವುದೇ?

ತಲುಪುತ್ತದೆ, ತಡವಾಗಿ. ಕರೆಗಿಂತ ಎಸ್‌ಎಂಎಸ್ ಮೇಲು ಎನ್ನುವುದು ಇದಕ್ಕಾಗಿಯೇ. ಫೋನ್ ಸಿಗದಿದ್ದರೆ ಕಂಪನಿಯ ಕೇಂದ್ರದಲ್ಲಿ ಸಂದೇಶ ಸ್ವಲ್ಪ ಕಾಲ ಕಾದಿದ್ದು, ನೆಟ್‌ವರ್ಕ್ ಹಿಡಿದ ಕೂಡಲೇ ಬಂದು ಬೀಳುತ್ತದೆ. ಜೋಯಿಡಾದ ಒಳಹಳ್ಳಿಗಳಲ್ಲಿ, ದೇವಿಮನೆ ಅಥವಾ ಅರಬೈಲು ಘಟ್ಟದ ಅಕ್ಕಪಕ್ಕದಲ್ಲಿ ಇರುವವರಿಗೆ ಪೇಟೆಗೆ ಇಳಿದಾಗ ನಾಲ್ಕಾರು ಸಂದೇಶ ಒಟ್ಟಿಗೆ ಬರುವುದು ರೂಢಿಯೇ ಆಗಿದೆ. ಹಾಗಾಗಿ 'ನಾಳೆ ಬನ್ನಿ' ಎಂದು ಯಾವತ್ತೂ ಬರೆಯಬೇಡಿ. ಸೋಮವಾರದ 'ನಾಳೆ' ಬುಧವಾರ ತಲುಪಿದರೆ ಅವರು ಗುರುವಾರ ಬರುತ್ತಾರೆ, ಅಂದು ಡಾಕ್ಟರು ಬೇರೆ ಕಡೆ ಹೋಗಿರುತ್ತಾರೆ. ತಾರೀಕು ಮತ್ತು ವಾರ ಎರಡನ್ನೂ ಬರೆಯಿರಿ. ತುಂಬ ದಿನ ಫೋನ್ ಆಫ್ ಇದ್ದರೆ ಕೇಂದ್ರವೂ ಸಂದೇಶವನ್ನು ಎಸೆದುಬಿಡುತ್ತದೆ. ರೀಚಾರ್ಜ್ ಅವಧಿ ಮುಗಿದ ಸಿಮ್‌ಗೆ ಒಳಬರುವುದೂ ನಿಲ್ಲಬಹುದು, ಅದು ಹಳ್ಳಿಗಳಲ್ಲಿ ನಾವು ಎಣಿಸುವುದಕ್ಕಿಂತ ಹೆಚ್ಚು.

ಮಳೆಗಾಲದ ಮಾತು ಬೇರೆ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋಗಿದ್ದು ಯಾರಿಗೂ ಮರೆತಿಲ್ಲ. ರಸ್ತೆ ಬಂದ್ ಆದ ವಾರ 'ತಪ್ಪದೆ ಬನ್ನಿ' ಎಂಬ ಸಂದೇಶ ತಾನಾಗಿ ಹೋಗುತ್ತಿದ್ದರೆ ಅದನ್ನು ನಿಲ್ಲಿಸುವ ಗುಂಡಿ ಯಾರ ಕೈಯಲ್ಲಿದೆ ಎಂಬುದು ಮೊದಲೇ ಗೊತ್ತಿರಬೇಕು. ಅದರ ಬದಲು 'ರಸ್ತೆ ಸರಿಯಾಗುವ ತನಕ ಗುಳಿಗೆ ಹತ್ತಿರದ ಉಪಕೇಂದ್ರದಲ್ಲಿ ಸಿಗುತ್ತದೆ' ಎಂದು ಹೇಳುವಂತಿದ್ದರೆ ಇನ್ನೂ ಒಳ್ಳೆಯದು.

ಬೋಟಿಗೆ ಹೋಗುವವರನ್ನು ಹಿಡಿಯುವುದು ಹೇಗೆ?

ಬೈತಖೋಲ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಿಂದ ಆಳ ಸಮುದ್ರಕ್ಕೆ ಹೋದವರ ಫೋನ್ ದಿನಗಟ್ಟಲೆ ಸಿಗುವುದಿಲ್ಲ. ಇವರಿಗೆ ತಾರೀಕು ಕೊಡುವುದಕ್ಕಿಂತ 'ದಡಕ್ಕೆ ಬಂದ ಮೊದಲ ಬಿಡುವಿಗೆ ಬನ್ನಿ' ಎನ್ನುವುದೇ ವಾಸಿ. ಗುಳಿಗೆಯನ್ನೂ ಒಂದಿಷ್ಟು ಹೆಚ್ಚಿಗೆ ಕೊಡಲು ಡಾಕ್ಟರು ಒಪ್ಪಬೇಕು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಿರುತ್ತದೆ, ಆ 61 ದಿನ ಎಲ್ಲರೂ ಊರಲ್ಲೇ. ಬಲೆ ಹೆಣೆಯುತ್ತ ಕುಳಿತವರನ್ನು ರಕ್ತ ಪರೀಕ್ಷೆ, ಕಣ್ಣು, ಇಸಿಜಿ ಎಂದು ವರ್ಷದ ತಪಾಸಣೆಗೆ ಕರೆಯಲು ಅದಕ್ಕಿಂತ ಒಳ್ಳೆಯ ಕಾಲ ಸಿಗದು. ಮೇ ಕೊನೆಯ ವಾರವೇ ಸಂದೇಶ ಹೋಗಲಿ.

ಫೋನ್ ನನ್ನದಲ್ಲ, ಮನೆಯವರದ್ದು. ನನ್ನ ವಿಷಯ ಅವರಿಗೆ ತಿಳಿಯುವುದಿಲ್ಲವೇ?

ತಿಳಿಯಬಹುದು. ನಂಬರ್ ಕೇಳುವಾಗಲೇ ನೀವು ಹೇಳಬಹುದು: 'ಸಿಸ್ಟರ್, ಈ ಫೋನನ್ನು ಮನೆಯಲ್ಲಿ ಎಲ್ಲರೂ ನೋಡುತ್ತಾರೆ.' ಹಾಗೆ ಹೇಳಿದರೆ ಸಂದೇಶ ಬೇಡವೆಂದೋ, ಆಶಾ ಅಕ್ಕನ ಮೂಲಕ ತಿಳಿಸಿ ಎಂದೋ ಬರೆದುಕೊಳ್ಳಬೇಕಾದದ್ದು ಅವರ ಕೆಲಸ.

ಸಿಬ್ಬಂದಿಗೆ ಒಂದು ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇರುವ ಮಹಿಳೆಯರು ಶೇ 54. ಅವರಲ್ಲಿ ಸಂದೇಶ ಓದಬಲ್ಲವರು ಶೇ 71. ಗುಣಿಸಿದರೆ ನೂರರಲ್ಲಿ ಮೂವತ್ತೆಂಟು. ತಾಯಿ ಕಾರ್ಡಿನಲ್ಲಿ ಬರೆದ ನಂಬರಿಗೆ ಎಸ್‌ಎಂಎಸ್ ಹಾಕಿ ತಾಯಿಗೇ ತಿಳಿಸಿದೆವು ಎಂದುಕೊಳ್ಳುವ ಮುಂಚೆ ಈ ಮೂವತ್ತೆಂಟು ನೆನಪಿರಲಿ. ಎಷ್ಟೋ ಮನೆಗಳಲ್ಲಿ ಆ ಸಂದೇಶವನ್ನು ಮೊದಲು ನೋಡುವುದು ಗಂಡ, ಇಲ್ಲವೇ ಶಾಲೆಗೆ ಹೋಗುವ ಮಗ.

ಎಚ್‌ಐವಿ, ಕ್ಷಯ, ಗರ್ಭಪಾತ, ಮಾನಸಿಕ ಕಾಯಿಲೆ, ಮಕ್ಕಳಾಗದ ಚಿಕಿತ್ಸೆ – ಇವುಗಳ ಸುಳಿವು ಸಂದೇಶದಲ್ಲಿ ಇರಕೂಡದು. ಕಳುಹಿಸಿದವರ ಹೆಸರಿನಲ್ಲಿ 'ಎಆರ್‌ಟಿ ಕೇಂದ್ರ' (ಎಚ್‌ಐವಿಗೆ ಚಿಕಿತ್ಸೆ ಕೊಡುವ ಕೇಂದ್ರ) ಎಂದಿದ್ದರೂ ಗುಟ್ಟು ರಟ್ಟಾದಂತೆಯೇ, 'ಆಸ್ಪತ್ರೆ' ಎಂದರೆ ಸಾಕು. ಎಚ್‌ಐವಿ ವಿಷಯದಲ್ಲಿ ಇದು ಬರೀ ಸೌಜನ್ಯವಲ್ಲ; ರೋಗಿಯ ಸ್ಥಿತಿಯನ್ನು ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ನಿಷೇಧಿಸುತ್ತದೆ. ಕೆಟ್ಟ ಸುದ್ದಿಯ ವರದಿಯನ್ನೂ ಎಸ್‌ಎಂಎಸ್‌ನಲ್ಲಿ ಹಾಕಬೇಡಿ. 'ವರದಿ ಬಂದಿದೆ, ಡಾಕ್ಟರರನ್ನು ಕಾಣಿ' ಎಂದಿಷ್ಟೇ ಬರೆಯಿರಿ. ವರದಿ ಚೆನ್ನಾಗಿದ್ದವರಿಗೂ ಅದೇ ಮಾತು ಹೋಗಬೇಕು, ಇಲ್ಲದಿದ್ದರೆ ಆ ಸಾಲನ್ನು ನೋಡಿದ ಕೂಡಲೇ ಜನ ಅರ್ಥ ಮಾಡಿಕೊಳ್ಳುತ್ತಾರೆ.

ವಾಟ್ಸ್‌ಆ್ಯಪ್ ಗುಂಪು ಮಾಡಿದರೆ ಪುಕ್ಕಟೆ ಆಗುತ್ತದಲ್ಲ?

ರೋಗಿಗಳ ಗುಂಪು ಮಾಡಲೇಬೇಡಿ. ಸೇರಿಸಿದ ಮರುಕ್ಷಣ ಪ್ರತಿಯೊಬ್ಬರ ನಂಬರೂ ಉಳಿದವರಿಗೆ ಕಾಣುತ್ತದೆ, ಸಣ್ಣ ಊರಿನಲ್ಲಿ ನಂಬರ್ ಎಂದರೆ ಹೆಸರೇ. ಒಬ್ಬೊಬ್ಬರಿಗೆ ಬೇರೆಬೇರೆಯಾಗಿ, ಅವರು ಒಪ್ಪಿದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಮುದ್ರಿಸಿ ಕಳುಹಿಸುವುದು ಬೇರೆ ಮಾತು. ಓದಲು ಬಾರದವರಿಗೆ ಅದು ಬಹಳ ಅನುಕೂಲ.

ಕನ್ನಡ ಓದಲು ಬಾರದವರಿಗೆ?

ಕಾರವಾರದ ಮನೆಮಾತು ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಉರ್ದು. ಹಳಿಯಾಳದ ಕಡೆ ಮರಾಠಿಯೂ ಇದೆ, ಮುಂಡಗೋಡಿನಲ್ಲಿ ಟಿಬೆಟನ್ನರಿದ್ದಾರೆ. ಎಲ್ಲ ಭಾಷೆಗಳಲ್ಲಿ ಸಂದೇಶ ಬರೆಯುತ್ತ ಕುಳಿತರೆ ಬೇರೆ ಕೆಲಸ ಸಾಗದು. ಧ್ವನಿಕರೆಯೇ ದಾರಿ. ಊರಿನವರಿಗೆ ಪರಿಚಯವಿರುವ ಆರೋಗ್ಯ ಸಹಾಯಕಿಯ ಧ್ವನಿಯಲ್ಲಿ ಅರ್ಧ ನಿಮಿಷ ಮುದ್ರಿಸಿದರೆ ಜನ ಕೊನೆಯವರೆಗೂ ಕೇಳುತ್ತಾರೆ. ಬೆಂಗಳೂರಿನಲ್ಲಿ ಮುದ್ರಿಸಿದ ಜಾಹೀರಾತಿನ ಧ್ವನಿ ಬಂದರೆ ಸಾಲದ ಕಂಪನಿಯವರೆಂದು ಕತ್ತರಿಸುತ್ತಾರೆ.

ಆಸ್ಪತ್ರೆಯ ಸಂದೇಶಕ್ಕೆ ಉತ್ತರ ಹಾಕಿದರೆ ಹೋಗುವುದಿಲ್ಲ. ನನ್ನ ತೊಂದರೆಯನ್ನು ಹೇಗೆ ತಿಳಿಸಲಿ?

ಹತ್ತು ಅಂಕಿಯ ನಂಬರಿನ ಬದಲು ಇಂಗ್ಲಿಷ್ ಅಕ್ಷರಗಳ ಹೆಸರಿನಿಂದ ಬಂದ ಸಂದೇಶಕ್ಕೆ ಮರುಉತ್ತರ ಹಾಕಲು ಆಗುವುದಿಲ್ಲ. ಸಾವಿರಾರು ಜನರಿಗೆ ಒಮ್ಮೆಲೇ ಕಳುಹಿಸುವ ಸಂದೇಶಗಳು ಹಾಗೆಯೇ ಬರುತ್ತವೆ: ಹೆಸರನ್ನೂ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಬೇಕೆಂಬುದು 2018ರಿಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮ. ಇಂಥ ಸಂದೇಶ ಕೇಳುವುದೇ ಇಲ್ಲ, ಬರೀ ಹೇಳುತ್ತದೆ. ಮರುತಪಾಸಣೆಯ ದೃಷ್ಟಿಯಿಂದ ಇದೇ ಇದರ ದೊಡ್ಡ ಕೊರತೆ. ಆದ್ದರಿಂದ ಸಂದೇಶದ ಒಳಗೇ ಹಗಲು ಹೊತ್ತಿನಲ್ಲಿ ಯಾರಾದರೂ ಎತ್ತುವ ಒಂದು ಆಸ್ಪತ್ರೆಯ ನಂಬರ್ ಇರಲಿ. ಮಿಸ್ಡ್ ಕಾಲ್ ಕೊಟ್ಟರೆ ಸಾಕು, ನಾವೇ ಕರೆಯುತ್ತೇವೆ ಎನ್ನುವುದು ನಮ್ಮ ಜನರಿಗೆ ಒಗ್ಗಿದ ಪದ್ಧತಿ. ಕ್ಷಯ ರೋಗಿಗಳಿಗಾಗಿ ನಮ್ಮ ದೇಶದಲ್ಲಿ ಬಂದ 99ಡಾಟ್ಸ್ ಎಂಬ ಏರ್ಪಾಡು ಇದನ್ನೇ ಬಳಸಿಕೊಂಡಿತು: ಗುಳಿಗೆಯನ್ನು ಪೊಟ್ಟಣದಿಂದ ಹೊರತೆಗೆದಾಗ ಅದರ ಹಿಂದೆ ಅಡಗಿದ್ದ ನಂಬರ್ ಕಾಣುತ್ತದೆ, ಅದಕ್ಕೆ ಉಚಿತ ಕರೆ ಮಾಡಿದರೆ ಅಂದಿನ ಗುಳಿಗೆ ತಿಂದಂತೆ ದಾಖಲಾಗುತ್ತದೆ.

ಆ ನಂಬರ್ ಆಶಾ ಕಾರ್ಯಕರ್ತೆಯ ಸ್ವಂತ ಫೋನಿನದ್ದಾಗಕೂಡದು. ಅವರಿಗೂ ರಾತ್ರಿ ನಿದ್ದೆ ಬೇಕು, ಅವರ ರೀಚಾರ್ಜಿಗೂ ಅವರೇ ಕೊಡುತ್ತಾರೆ.

ಎದೆನೋವು ಬಂದಿದೆ, ಆಸ್ಪತ್ರೆಯ ನಂಬರಿಗೆ ಮೆಸೇಜ್ ಹಾಕಬಹುದೇ?

ಬೇಡ. 108ಕ್ಕೆ ಕರೆ ಮಾಡಿ. ತುರ್ತಲ್ಲದ ಸಲಹೆಗೆ 104 ಇದೆ.

ಆಸ್ಪತ್ರೆಯ ಹೆಸರಿನ ಸಂದೇಶ ನಿಜವೋ ಮೋಸವೋ ತಿಳಿಯುವುದು ಹೇಗೆ?

ಕಳುಹಿಸಿದವರ ಹೆಸರಿನ ಕೊನೆಯನ್ನು ನೋಡಿ. 2025ರ ಮೇ ತಿಂಗಳಿನಿಂದ ಇಂಥ ಹೆಸರುಗಳ ತುದಿಗೆ ಒಂದು ಅಡ್ಡಗೆರೆ, ಒಂದು ಇಂಗ್ಲಿಷ್ ಅಕ್ಷರ ಸೇರಿದೆ: ಸರ್ಕಾರದ್ದಾದರೆ 'ಜಿ', ಸೇವೆಯದ್ದಾದರೆ 'ಎಸ್', ವ್ಯವಹಾರದ್ದಾದರೆ 'ಟಿ', ಜಾಹೀರಾತಾದರೆ 'ಪಿ'. ಯಾವುದೋ ಹತ್ತಂಕಿಯ ನಂಬರಿನಿಂದ 'ನಿಮ್ಮ ಆಯುಷ್ಮಾನ್ ಕಾರ್ಡ್ ರದ್ದಾಗಿದೆ, ಈ ಫೈಲ್ ಇಳಿಸಿಕೊಳ್ಳಿ' ಎಂದು ಬಂದರೆ ಮುಟ್ಟಬೇಡಿ. ಮರುತಪಾಸಣೆಯ ಸಂದೇಶದಲ್ಲಿ ಒತ್ತಬೇಕಾದ ಕೊಂಡಿಯೇ ಬೇಕಿಲ್ಲ. ಸಿಬ್ಬಂದಿ ಕೊಂಡಿ ಹಾಕುವುದನ್ನು ಬಿಟ್ಟರೆ ಮೋಸದ್ದು ತಾನಾಗಿ ಎದ್ದು ಕಾಣುತ್ತದೆ. ಓಟಿಪಿ ವಿಷಯದಲ್ಲಿ ಸ್ವಲ್ಪ ಗೊಂದಲವಿದೆ, ಏಕೆಂದರೆ ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಮಾಡಿಸುವಾಗ ಕೌಂಟರಿನಲ್ಲಿ ನಿಜವಾಗಿಯೂ ಓಟಿಪಿ ಕೇಳುತ್ತಾರೆ. ನೀವು ಎದುರಿಗೆ ನಿಂತಿರುವಾಗ ಕೊಡಬಹುದು. ಫೋನಿನಲ್ಲಿ ಕೇಳಿದರೆ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಶಸ್ತ್ರಚಿಕಿತ್ಸೆ ಆದದ್ದು ಮಂಗಳೂರಿನಲ್ಲಿ. ಮುಂದಿನ ತಪಾಸಣೆಗೆ ಯಾರು ನೆನಪಿಸುತ್ತಾರೆ?

ನಮ್ಮ ಜಿಲ್ಲೆಯ ಹಳೆಯ ಕಷ್ಟ ಇದು. ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ. ಯಲ್ಲಾಪುರ, ಮುಂಡಗೋಡು, ಹಳಿಯಾಳದವರು ಹುಬ್ಬಳ್ಳಿಗೆ. ಕಾರವಾರದ ಎಷ್ಟೋ ಜನ ಗೋವಾಕ್ಕೆ. ಅಲ್ಲಿಯ ಆಸ್ಪತ್ರೆ ಸಂದೇಶ ಕಳುಹಿಸಿದರೂ ಇಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಏನೂ ಗೊತ್ತಿರುವುದಿಲ್ಲ. ಬಿಡುಗಡೆಯ ಚೀಟಿ ಕೈಗೆ ಬಂದ ವಾರದೊಳಗೆ ಅದರ ಒಂದು ಜೆರಾಕ್ಸ್ ಪ್ರತಿಯನ್ನು ನಿಮ್ಮ ಊರಿನ ಕೇಂದ್ರಕ್ಕೆ ಕೊಟ್ಟು ರಿಜಿಸ್ಟರಿನಲ್ಲಿ ಹೆಸರು ಬರೆಸಿ. ಹೊಲಿಗೆ ಬಿಚ್ಚುವುದು, ಬಿಪಿ ನೋಡುವುದು, ಗುಳಿಗೆ ಮುಂದುವರಿಸುವುದು ಎಷ್ಟೋ ಸಲ ಇಲ್ಲಿಯೇ ಆಗುತ್ತದೆ. ಇನ್ನೂರು ಕಿಲೋಮೀಟರ್ ಹೋಗಿ ಹತ್ತು ನಿಮಿಷ ತೋರಿಸಿ ಬರುವ ಅಗತ್ಯವಿದೆಯೇ ಎಂದು ಡಾಕ್ಟರರನ್ನು ಧೈರ್ಯವಾಗಿ ಕೇಳಿ.

ಅಪ್ಪ ಸಿರ್ಸಿಯಲ್ಲಿ ಒಬ್ಬರೇ ಇದ್ದಾರೆ, ನಾನು ಬೆಂಗಳೂರಿನಲ್ಲಿ. ಸಂದೇಶ ನನಗೆ ಬಂದರೆ ಸಾಲದೇ?

ನಿಮಗೂ ಬರಲಿ, ಅಪ್ಪನಿಗೂ ಹೋಗಲಿ, ಅಪ್ಪ ಒಪ್ಪಿದ್ದರೆ. ನಿಮ್ಮ ನಂಬರ್ ಮಾತ್ರ ಕೊಟ್ಟರೆ ನೀವು ಮೀಟಿಂಗ್‌ನಲ್ಲಿ ಕುಳಿತಿರುವಾಗ ಬಂದ ಸಂದೇಶ ಸಂಜೆ ಹೊತ್ತಿಗೆ ಮರೆತುಹೋಗುತ್ತದೆ. ನೀವು ನೆನಪಿಟ್ಟು ಹೇಳಿದರೂ ಅವರನ್ನು ಪೇಟೆಗೆ ಕರೆದೊಯ್ಯುವವರು ಯಾರು? ಪಕ್ಕದ ಮನೆಯ, ಅಥವಾ ದಿನಾ ಬರುವ ಆಟೋದವರ ನಂಬರನ್ನು ಮೂರನೆಯದಾಗಿ ಬರೆಸುವುದು ಹೆಚ್ಚು ಉಪಯೋಗ.

ಯಾವ ಹೊತ್ತಿಗೆ, ಎಷ್ಟು ದಿನ ಮುಂಚೆ ಕಳುಹಿಸಬೇಕು?

ಎರಡು ದಿನ ಮುಂಚೆ ಒಂದು. ಜೊತೆಗೆ ಬರುವವರನ್ನು ಒಪ್ಪಿಸಲು, ಬೆಳಗಿನ ಒಂದೇ ಬಸ್ಸಿಗೆ ಸಿದ್ಧವಾಗಲು ಅಷ್ಟು ಬೇಕು. ಸಂಜೆ ಆರರಿಂದ ಏಳರ ನಡುವೆ ಒಳ್ಳೆಯದು, ತೋಟದಿಂದ, ಗದ್ದೆಯಿಂದ ಮನೆಗೆ ಬಂದಿರುತ್ತಾರೆ. ತಾರೀಕು ಹಾಕುವಾಗ ಊರಿನ ಪಂಚಾಂಗ ಪಕ್ಕದಲ್ಲಿರಲಿ. ಸಿರ್ಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ವಾರ ಬಿಪಿ ತಪಾಸಣೆಗೆ ಕರೆದರೆ ಯಾರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಹಿಂದಿನ ವಾರವೇ ಕರೆದು ಗುಳಿಗೆ ಕೊಟ್ಟುಬಿಡಿ. ಕಾರವಾರದಲ್ಲಿ ಭಾನುವಾರ ಸಂತೆಗೆ ಸುತ್ತಲ ಹಳ್ಳಿಯವರು ಬಂದೇ ಬರುತ್ತಾರೆ. ಆದರೆ ಹೊರರೋಗಿ ವಿಭಾಗಕ್ಕೆ ಅಂದು ರಜೆ. ಇದನ್ನು ಸರಿಪಡಿಸಲು ಎಸ್‌ಎಂಎಸ್‌ನಿಂದ ಆಗದು.

ನಂಬರ್ ಬದಲಾಯಿತು. ಏನು ಮಾಡಲಿ?

ಮುಂದಿನ ಭೇಟಿಯವರೆಗೆ ಕಾಯಬೇಡಿ, ಆಶಾ ಕಾರ್ಯಕರ್ತೆಗೆ ಹೇಳಿ. ಬಿಟ್ಟ ನಂಬರನ್ನು ಕಂಪನಿಯವರು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತಾರೆ, ನಿಮ್ಮ ಸಂದೇಶ ಅವರಿಗೆ ಹೋಗುತ್ತದೆ. ಹಾಗೆಯೇ, ನಿಮಗೆ ಸಂಬಂಧವಿಲ್ಲದ 'ಲಸಿಕೆ ಹಾಕಿಸಿ' ಎಂಬ ಸಂದೇಶ ಬರುತ್ತಿದ್ದರೆ ಅದರಲ್ಲಿರುವ ನಂಬರಿಗೆ ಒಮ್ಮೆ ಕರೆ ಮಾಡಿ ತಿಳಿಸಿ. ಎಲ್ಲೋ ಒಂದು ಮಗುವಿನ ಮನೆಗೆ ಅದು ತಲುಪುತ್ತಿಲ್ಲ.

ನನಗೆ ಈ ಸಂದೇಶಗಳು ಬೇಡ. ಬೇಡ ಎಂದರೆ ಗುಳಿಗೆ ಕೊಡುವುದಿಲ್ಲವೇ?

ಕೊಡುತ್ತಾರೆ. ಫೋನ್ ನಂಬರ್ ಕೊಡದಿದ್ದರೂ ಚಿಕಿತ್ಸೆ ಕೊಡಲೇಬೇಕು. ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ಹಕ್ಕನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪುತ್ತದೆ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿ, ನಿಮ್ಮ ಹೆಸರಿನ ಮುಂದೆ 'ಸಂದೇಶ ಬೇಡ' ಎಂದು ಬರೆದರೋ ಇಲ್ಲವೋ ನೋಡಿಕೊಳ್ಳಿ. ಮುಂದಿನ ತಾರೀಕನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳುವುದನ್ನು ಮರೆಯಬೇಡಿ.